ಬಲಗೈಯ ಚಿಪ್ಪು

ನಾನು ಒಂದು ಚಿಪ್ಪು, ಮಡಚಿದ ಕೈಯನ್ನು ತೆರೆದು ಹಿಡಿಯಲು ಕಟ್ಟುವಂಥದ್ದು. ಆಸ್ಪತ್ರೆಯ ಚೀಟಿಯಲ್ಲಿ ನನ್ನ ಹೆಸರು ಸ್ಪ್ಲಿಂಟ್ ಎಂದಿತ್ತು. ಆ ಹೆಸರು ಮುದುಕಿ ನೀಲಗಂಗವ್ವನ ನಾಲಿಗೆಯಲ್ಲಿ ಹೊರಳಲಿಲ್ಲ. ಚಿಪ್ಪು ಎಂದಳು, ಅದೇ ಉಳಿಯಿತು. ಆರು ವರ್ಷದಿಂದ ನಾನು ಅವಳ ಎಲೆ-ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಮಗ್ಗುಲಲ್ಲಿ ಇದ್ದೇನೆ. ಬೆರಳುದ್ದದ ನನ್ನನ್ನು ಯಾರಾದರೂ ಕಂಡರೆ ಮಕ್ಕಳ ಆಟಿಕೆಯ ತುಂಡು ಎಂದುಕೊಂಡಾರು. ಎಂದುಕೊಳ್ಳಲಿ ಬಿಡಿ. ನನ್ನಿಂದ ಆದದ್ದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ಮೇಲು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಮಕ್ಕಳ ಕೈಗಳನ್ನು ತಿದ್ದುವ ಕೋಣೆಯಲ್ಲಿ. ಅದಕ್ಕೂ ಮೊದಲು ನಾನು ಬರೀ ಒಂದು ಬಿಳಿ ಹಾಳೆ, ಗಟ್ಟಿ ಪ್ಲಾಸ್ಟಿಕ್ಕಿನದು. ನಮ್ಮ ಜಾತಿಗೆ ಒಂದು ಗುಣವಿದೆ. ಬಿಸಿನೀರಿಗೆ ಬಿದ್ದರೆ ಹಸಿ ಹಪ್ಪಳದಂತೆ ಮೆತ್ತಗಾಗುತ್ತೇವೆ. ಆಗ ಯಾವ ಕೈಯ ಮೇಲೆ ಇಟ್ಟರೆ ಆ ಕೈಯ ಆಕಾರಕ್ಕೆ ಆರಿ ಗಟ್ಟಿಯಾಗುತ್ತೇವೆ. ಮತ್ತೆ ಬಿಸಿನೀರಿಗೆ ಹಾಕಿದಿರೋ, ಆ ಕೈಯನ್ನು ಪೂರ್ತಿ ಮರೆತು ಮೊದಲಿನ ಹಾಳೆಯಾಗಿಬಿಡುತ್ತೇವೆ. ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಕೋಣೆಯ ಒಡತಿ ಶಾಹಿದಾ ಮೇಡಂ. ಕೈ ಸರಿಯಿಲ್ಲದೆ ಹುಟ್ಟಿದ ಮಕ್ಕಳಿಗೆ ವ್ಯಾಯಾಮ ಮಾಡಿಸುವುದು, ನಮ್ಮಂಥವರನ್ನು ಕತ್ತರಿಸಿ ಕೂರಿಸುವುದು ಅವಳ ಕೆಲಸ. ಒಂದು ದಿನ ಬೆಟಗೇರಿಯಿಂದ ಸುವರ್ಣಾ ಎಂಬ ಬಾಣಂತಿ ಇಪ್ಪತ್ತೆರಡು ದಿನದ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಎರಡೂ ಮಣಿಕಟ್ಟು ಒಳಕ್ಕೆ ಮಡಚಿದ್ದವು, ಬೆರಳುಗಳು ಮುಷ್ಟಿಯಾಗಿದ್ದವು. ಬಲಗೈ ಎಡಗೈಗಿಂತ ತುಸು ಹೆಚ್ಚು ಬಿಗಿ.

ಸುವರ್ಣಾ ಕೇಳಿದ್ದು ಒಂದೇ ಮಾತು. "ಮೇಡಂ, ಇಕಿ ತನ್ನ ಕೈಲೆ ತಾನ ಉಣ್ಣೂ ಹಂಗ ಆಗ್ತಾಳೇನ್ರಿ?"

"ಅದಕ್ಕ ಇಷ್ಟೆಲ್ಲಾ ಮಾಡೂದು, ಅಕ್ಕಾ," ಎಂದಳು ಶಾಹಿದಾ. "ಹುಟ್ಟೂವಾಗ್ಲೇ ಕೀಲು ಬಿಗಿದಾವು. ಈಗ ಎಳೀ ಐತಿ, ಹೇಳಿದಂಗ ಕೇಳ್ತೈತಿ. ಹದಿನೈದು ದಿವಸಕ್ಕೊಮ್ಮೆ ಬರ್ರಿ, ಪ್ರತಿ ಸಲ ಒಂದೀಟು ಹೆಚ್ಚಿಗಿ ತೆರೀತೀನಿ."

ನನ್ನನ್ನು ಕತ್ತರಿಸಿ, ಬಿಸಿನೀರಿನ ತಟ್ಟೆಗೆ ಬಿಟ್ಟು, ಎತ್ತಿ ಒರೆಸಿ, ಮೊದಲು ತನ್ನ ಮಣಿಕಟ್ಟಿನ ಮೇಲೆ ಇಟ್ಟು ಬಿಸಿ ನೋಡಿದಳು. ಆಮೇಲೆ ಕೂಸಿನ ಬಲಗೈಯನ್ನು ಹಿಡಿದು, ಅದು ಒಲ್ಲೆ ಎನ್ನುವ ಜಾಗದಿಂದ ಒಂದು ಎಳ್ಳುಕಾಳಿನಷ್ಟು ಆಚೆಗೆ ತೆರೆದು, ಅಲ್ಲಿ ನನ್ನನ್ನು ಕೂರಿಸಿದಳು. ಕೂಸು ಕಿರುಚಿತು. ನಾನು ಆರಿದೆ. ಎಡಗೈಗೆ ನನ್ನ ತಂಗಿ ಹುಟ್ಟಿತು.

"ಹಾಕಿದ ಕೂಡ್ಲೇ ಸ್ವಲ್ಪ ಹೊತ್ತು ಅಳ್ತಾಳ. ಅಳ್ತಾಳಂತ ಬಿಚ್ಚಬ್ಯಾಡ್ರಿ, ಚರ್ಮ ಕೆಂಪಾದ್ರ ಬಿಚ್ಚರಿ. ತಣ್ಣೀರಾಗ ತೊಳೀರಿ. ಬಿಸಿನೀರಿಗೆ ಮಾತ್ರ ತೋರಸಬ್ಯಾಡ್ರಿ," ಎಂದು ಶಾಹಿದಾ ಹೇಳಿದಳು. ಸುವರ್ಣಾ ತಲೆಯಾಡಿಸಿದಳು. ಸುವರ್ಣಾಳ ತಾಯಿ ನೀಲಗಂಗವ್ವ ಇದನ್ನು ಕೇಳಲಿಲ್ಲ. ಕೂಸಿನ ಜೊತೆ ಒಬ್ಬರನ್ನೇ ಒಳಗೆ ಬಿಡುತ್ತಿದ್ದರು. ಅವಳು ಹೊರಗೆ ಬಾಗಿಲ ಬಳಿ ಬುತ್ತಿಯ ಚೀಲ, ಮಗಳ ಚಪ್ಪಲಿ ಕಾಯುತ್ತ ಕೂತಿದ್ದಳು.

ಬೆಟಗೇರಿಯದು ನೇಕಾರರ ಓಣಿ. ಸುವರ್ಣಾ ಬಾಣಂತನಕ್ಕೆಂದು ತವರಿಗೆ ಬಂದವಳು, ಕೂಸಿನ ಚಿಕಿತ್ಸೆಗೆಂದು ಮುಂದೆಯೂ ಅಲ್ಲೇ ಉಳಿದಳು. ನೀಲಗಂಗವ್ವ ನಲವತ್ತು ವರ್ಷದಿಂದ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು. ನೂಲು ಓಡಿ ಓಡಿ ಅವಳ ಬಲಗೈಯ ತೋರುಬೆರಳಿನಲ್ಲಿ ಒಂದು ಗೀರು ಬಿದ್ದಿತ್ತು, ಎಂದೂ ಮಾಯದ ಗೀರು. ಕೂಸಿಗೆ ಚಿನ್ಮಯಿ ಎಂದು ಹೆಸರಿಟ್ಟರು, ಕರೆಯುವುದು ಚಿನ್ನಿ. ದಿನವೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆಯುವುದು ನೀಲಗಂಗವ್ವನೇ. ಆಗ ನಮ್ಮಿಬ್ಬರನ್ನು ಬಿಚ್ಚಿ ಕಟ್ಟೆಯ ಮೇಲೆ ಇಡುತ್ತಿದ್ದರು. ಅವಳು ಸುರಿಯುವ ಪ್ರೀತಿಯನ್ನು ಅಲ್ಲಿಂದ ನೋಡುತ್ತಿದ್ದೆವು.

ಎರಡು ಸಲ ಹುಬ್ಬಳ್ಳಿಗೆ ಹೋದೆವು. ಎರಡೂ ಸಲ ಶಾಹಿದಾ ನನ್ನನ್ನು ಮೆತ್ತಗೆ ಮಾಡಿ ಎಳ್ಳಿನಷ್ಟು ಮುಂದಕ್ಕೆ ಸರಿಸಿದಳು. ನನಗೆ ಸೊಕ್ಕು ಬಂತು ಅಂದರೂ ತಪ್ಪಿಲ್ಲ. ನಮ್ಮ ಕುಲದಲ್ಲಿ ಚಿಕ್ಕದಾಗಿಬಿಡುವುದೇ ದೊಡ್ಡಸ್ತಿಕೆ. ಮಗು ಬೆಳೆಯಬೇಕು, ಕೈ ತೆರೆಯಬೇಕು, ನಾವು ಸಾಲದಾಗಿ ಕಸದ ಬುಟ್ಟಿ ಸೇರಬೇಕು. ಅಂಥ ಸಾವಿಗೆ ನಾನೂ ಆಸೆಪಟ್ಟಿದ್ದೆ.

ಅಷ್ಟರಲ್ಲಿ ಸುವರ್ಣಾಳಿಗೆ ಟೈಫಾಯ್ಡ್ ಬಂತು. ಹಾಸಿಗೆ ಹಿಡಿದಳು. ಕೂಸಿನ ಎಲ್ಲ ಕೆಲಸ ನೀಲಗಂಗವ್ವನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಚಿನ್ನಿ ಕುಡಿದ ಹಾಲನ್ನು ನನ್ನೊಳಗೆ ಕಕ್ಕಿದಳು. ನಾನು ಹುಳಿ ವಾಸನೆ ಹೊಡೆಯತೊಡಗಿದೆ. ಕೂಸಿನ ಸಾಮಾನು ಎಂದರೆ ಕುದಿಯುವ ನೀರಿನಲ್ಲಿ ತೆಗೆಯಬೇಕು ಎಂಬುದು ನೀಲಗಂಗವ್ವನ ನೇಮ. ಹಾಲಿನ ಒಳಲೆ, ಬಟ್ಟೆ, ಚಮಚ ಎಲ್ಲಕ್ಕೂ ಅದೇ. ಮನೆಯಲ್ಲಿ ಒಬ್ಬರಿಗೆ ಜ್ವರ ಬೇರೆ. ಬಚ್ಚಲ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ತಂಗಿ ಸ್ವಚ್ಛವಿತ್ತು, ಅದು ಕಟ್ಟೆಯ ಮೇಲೇ ಉಳಿಯಿತು. ನನ್ನನ್ನು ತಂಬಿಗೆಯಲ್ಲಿಟ್ಟು ಮೇಲೆ ನೀರು ಸುರಿದಳು.

ನಾನು ಮರೆತೆ. ಶಾಹಿದಾ ಮೂರು ಸಲ ತಿದ್ದಿದ್ದನ್ನು, ಕೂಸು ಮೂರು ಸಲ ಅತ್ತು ಗಳಿಸಿದ್ದನ್ನು, ಒಂದು ಗಳಿಗೆಯಲ್ಲಿ ಮರೆತು ಚಪ್ಪಟೆ ಹಾಳೆಯಾದೆ.

"ಶಿವನೇ, ಏನ್ ಮಾಡಿದ್ನೆವ್ವಾ ನಾನು," ಎಂದು ನೀಲಗಂಗವ್ವ ಮೆಲ್ಲಗೆ ಅಂದಳು. ಒಳಗೆ ಮಗಳು ಜ್ವರದಲ್ಲಿ ನರಳುತ್ತಿದ್ದಳು, ಅವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕಲಿತವರು ಮಾಡಿದ್ದನ್ನು ಕೆಡಿಸಿದೆ ಎಂಬ ಹೆದರಿಕೆಯೂ ಇತ್ತು. ಸೆರಗಿನಲ್ಲಿ ನನ್ನನ್ನು ಎತ್ತಿ, ತನ್ನ ಮಣಿಕಟ್ಟಿನ ಮೇಲೆ ಇಟ್ಟು ಬಿಸಿ ನೋಡಿದಳು, ಥೇಟ್ ಶಾಹಿದಾಳ ಹಾಗೆ. ಆಮೇಲೆ ನಿದ್ದೆ ಹೋಗಿದ್ದ ಕೂಸಿನ ಕೈಯ ಮೇಲೆ ಹಾಸಿ, ಆ ಕಂಡಿಕೆ ಸುತ್ತುವ ಬೆರಳುಗಳಿಂದ ನಯವಾಗಿ ಒತ್ತಿದಳು. ಎಂಥ ಕುಶಲದ ಕೈ ಅದು. ಎಲ್ಲೂ ಒಂದು ಸುಕ್ಕು ಬರಲಿಲ್ಲ, ಅಂಚು ಚುಚ್ಚಲಿಲ್ಲ. ಆದರೆ ಕೈಯನ್ನು ತೆರೆದು ಕೂರಿಸಬೇಕು ಎಂಬುದು ಅವಳಿಗೆ ಯಾರು ಹೇಳಿದ್ದರು? ಕೂಸಿಗೆ ನೋವಾಗದಂತೆ, ಆ ಕೈ ಮಡಚಿಕೊಂಡು ಹೇಗೆ ಮಲಗಿತ್ತೋ ಹಾಗೆಯೇ ಕೂರಿಸಿದಳು. ಮಡಚಿದ ಆಕಾರಕ್ಕೇ ನಾನು ಆರಿ ಗಟ್ಟಿಯಾದೆ.

ಅವತ್ತಿನಿಂದ ಬಲಗೈಗೆ ನನ್ನನ್ನು ಕಟ್ಟಿದರೆ ಚಿನ್ನಿ ಅಳಲಿಲ್ಲ. ಎಡಗೈಗೆ ತಂಗಿಯನ್ನು ಕಟ್ಟುವಾಗ ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ನನ್ನನ್ನು ಕಟ್ಟಿದರೆ ಬೆರಳು ಚೀಪುವ ಹಾಗೆ ಬಾಯಿ ಮಾಡುತ್ತ ನಗುತ್ತಿದ್ದಳು. ಜ್ವರ ಬಿಟ್ಟು ಎದ್ದು ಕೂತ ಸುವರ್ಣಾ ಅದನ್ನು ನೋಡಿ ಹಿಗ್ಗಿದಳು. "ಬಲಗೈ ಆರಾಮ ಆಗಾಕತ್ತೈತಿ, ಯವ್ವಾ. ನೋಡ, ಅಳೂದ ಬಿಟ್ಟಾಳ."

ನೀಲಗಂಗವ್ವ ಕೂಸಿನ ನಗು ನೋಡಿ ತಾನು ಮಾಡಿದ್ದು ಸರಿಹೋಯಿತು ಎಂದೇ ನಂಬಿದಳು. ಕುದಿಯುವ ನೀರಿನ ಸಂಗತಿಯನ್ನು ಮಗಳಿಗೆ ಹೇಳಲಿಲ್ಲ. ಹಗಲೂ ರಾತ್ರಿ, ಒಂದು ದಿನವೂ ತಪ್ಪದೆ, ತಾಯಿ-ಮಗಳು ನನ್ನನ್ನು ಕಟ್ಟಿದರು. ನಿಷ್ಠೆ ಎಂದರೆ ಅದು. ಅವರು ಸೋಮಾರಿಗಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಕೆಂಪಾದರೆ ಬಿಚ್ಚಿರಿ ಎಂದು ಶಾಹಿದಾ ಹೇಳಿದ್ದಳಲ್ಲ, ಒಂದಿಷ್ಟು ಕೆಂಪು ಮಾಡಲಾದರೂ ನನ್ನಿಂದ ಆಗಲಿಲ್ಲ. ಆ ಮುದುಕಿ ಅಷ್ಟು ನಯವಾಗಿ ಕೂರಿಸಿದ್ದಳು.

ಜ್ವರದಿಂದ ಎದ್ದ ಬಾಣಂತಿಗೆ ಇನ್ನೂ ಪ್ರಯಾಣ ಬೇಡ ಎಂದು ಹತ್ತು ವಾರ ಹುಬ್ಬಳ್ಳಿಗೆ ಹೋಗಲಿಲ್ಲ. ಕೊನೆಗೆ ಶಾಹಿದಾಳೇ ಫೋನ್ ಮಾಡಿದಳು. ನೀಲಗಂಗವ್ವ ಎತ್ತಿದಳು. "ಚಲೋ ಐತ್ರಿ. ಬಲಗೈಗಂತೂ ಅಳೂದ ಬಿಟ್ಟಾಳ್ರಿ."

"ಆಯಿ, ನಾಳೇನ ಕರ್ಕೊಂಡ್ ಬರ್ರಿ. ನೀವೂ ಒಳಗ ಬರ್ರಿ," ಎಂದಳು ಶಾಹಿದಾ.

ಮರುದಿನ ಶಾಹಿದಾ ನಮ್ಮಿಬ್ಬರನ್ನು ಬಿಚ್ಚಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ತಂಗಿ ನೆಟ್ಟಗಿತ್ತು, ನಾನು ಬಾಗಿದ್ದೆ. ಕೂಸಿನ ಎಡಗೈಯನ್ನು ಹಿಡಿದು ನೋಡಿದಳು, ಅದು ಬಿಚ್ಚಿಕೊಂಡಿತು. ಬಲಗೈಯನ್ನು ಹಿಡಿದಳು. ಅದು ಅಲುಗಲಿಲ್ಲ. ನನ್ನನ್ನು ಬೆಳಕಿಗೆ ಹಿಡಿದು ಮೈಮೇಲೆ ಹೆಬ್ಬೆರಳಾಡಿಸಿದಳು. ಬಿಸಿಯಲ್ಲಿ ಮುಟ್ಟಿದವರ ಗುರುತು ನಮ್ಮ ಮೇಲೆ ಉಳಿಯುತ್ತದೆ. ಐದು ಬೆರಳಿನ ಒತ್ತು, ಒಂದು ಬೆರಳಿನಲ್ಲಿ ನೂಲಿನ ಗೀರು.

"ಇದನ್ನ ಯಾರು ತಿದ್ದೀರಿ?"

ಸುವರ್ಣಾ ತಾಯಿಯ ಕಡೆ ತಿರುಗಿದಳು. ನೀಲಗಂಗವ್ವ ನೆಲ ನೋಡುತ್ತ ಹೇಳಿದಳು. "ನಾನ ರೀ. ಹಾಲು ಕಕ್ಕಿದ್ಲು ಅಂತ ಕುದಿಯೂ ನೀರು ಹಾಕಿದ್ನಿ, ಕರಗಿದಂಗಾತು. ಕೂಸಿಗೆ ನೋವಾಗದಂಗ ಮತ್ತ ಕೂರಿಸಿದ್ನಿ."

ಶಾಹಿದಾ ನನ್ನನ್ನು ಮತ್ತೆ ತಂಗಿಯ ಪಕ್ಕದಲ್ಲಿ ಇಟ್ಟಳು. ಕಡೆಗೆ ನೀಲಗಂಗವ್ವನೇ, "ಬೈಯ್ರಿ, ಮೇಡಂ. ಸುಮ್ನ ಕುಂದ್ರಬ್ಯಾಡ್ರಿ," ಎಂದಳು.

"ಏನಂತ ಬೈಲಿ? ಅವತ್ತ ನಿಮ್ಮನ್ನೂ ಒಳಗ ಕರದು ಹೇಳಬೇಕಿತ್ತು ನಾನು," ಎಂದಳು ಶಾಹಿದಾ. "ಆ ಕೈ ಮೊದಲಿಂದ್ಲೂ ಹೆಚ್ಚು ಬಿಗಿ ಇತ್ತು, ಆಯಿ. ಇದರಿಂದ್ಲ ಹಿಂಗಾತು ಅಂತ ಹೇಳಾಕ ಬರೂದಿಲ್ಲ."

ನನಗೂ ಗೊತ್ತಿಲ್ಲ. ಅದು ಮೊದಲಿನ ಬಿಗಿಯೇ ಇದ್ದರೂ ಇರಬಹುದು. ಆದರೆ ಪಕ್ಕದಲ್ಲೇ ತಂಗಿ ನೆಟ್ಟಗೆ ಕೂತಿತ್ತಲ್ಲ. ನೀಲಗಂಗವ್ವ ನೋಡುತ್ತಿದ್ದುದು ಅದನ್ನೇ. ಶಾಹಿದಾ ನಮ್ಮಿಬ್ಬರ ಬದಲು ಹೊಸಬರನ್ನು ಮಾಡಿದಳು. ತಂಗಿ ತನ್ನ ಕೆಲಸ ಮುಗಿಸಿ, ಚಿಕ್ಕದಾಗಿ, ಹೆಮ್ಮೆಯಿಂದ ಕಸದ ಬುಟ್ಟಿಗೆ ಹೋಯಿತು. ನನ್ನನ್ನೂ ಒಗೆಯಲು ಎತ್ತಿದಾಗ ನೀಲಗಂಗವ್ವ ಕೈ ಒಡ್ಡಿದಳು. "ಅದನ್ನ ನನಗ ಕೊಡ್ರಿ." ಹಾಗೆ ನಾನು ಸಂಚಿ ಸೇರಿದೆ.

ಸುವರ್ಣಾ ತಾಯಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಕೂಸನ್ನು ತಾನೇ ಬಚ್ಚಲಿಗೆ ಒಯ್ದು, ತಾನೇ ನೀರೆರೆದಳು. ನೀಲಗಂಗವ್ವ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸುವರ್ಣಾ ಬಟ್ಟಲು ಇಸಿದುಕೊಂಡು ಕದ ಮುಂದೆ ಮಾಡಿದಳು. ಆಮೇಲೆ ಆ ಮೊಮ್ಮಗಳಿಗೆ ನೀರೆರೆಯುವ ಭಾಗ್ಯ ಮುದುಕಿಗೆ ಬರಲಿಲ್ಲ.

ಮುಂದೆ ಎಷ್ಟೋ ಚಿಪ್ಪುಗಳು ಬಂದವು, ಒಂದು ಆಪರೇಷನ್ನೂ ಆಯಿತು. ಬಲಗೈ ತೆರೆಯಲಿಲ್ಲ. ಎರಡು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಚಿನ್ನಿ ಎಡಗೈಯಿಂದ ಅನ್ನದ ತುತ್ತನ್ನು ಬಾಯಿಗೆ ಮುಟ್ಟಿಸಿದಳು. ಸುವರ್ಣಾ ಖುಷಿಗೆ ಅತ್ತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಅಂದುಬಿಡುತ್ತಾರೆ, ಆ ತುತ್ತು ಬಾಯಿಗೆ ಬರುವ ದಾರಿ ಎಷ್ಟು ದೂರ ಎಂದು ನಾನು ಬಲ್ಲೆ. ನೀಲಗಂಗವ್ವನೂ ನಕ್ಕಳು. ನಕ್ಕು ಎದ್ದುಹೋಗಿ ಮಗ್ಗದ ಹಿಂದೆ ಕೂತಳು, ಸಂಚಿ ಬಿಚ್ಚಿ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಅವಳ ತೋರುಬೆರಳು ನನ್ನ ಮೇಲಿನ ಗೀರಿನಲ್ಲಿ ಸರಿಯಾಗಿ ಕೂರುತ್ತದೆ.

ಹೋದ ವರ್ಷ ಬಂಧುಗಳ ಮನೆಯ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಚಿನ್ನಿ, ಪಕ್ಕದಲ್ಲಿ ನೀಲಗಂಗವ್ವ, ಅವಳ ಮಡಿಲಲ್ಲಿ ಸಂಚಿ. ಹೋಳಿಗೆ ಬಡಿಸುತ್ತಿದ್ದ ಹಿರಿಯರು ಚಿನ್ನಿಯ ಎಡಗೈ ಕಂಡು, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ರೂಢಿಯಂತೆ ಹೇಳಿದರು. "ಬಲಗೈಲೆ ಉಣ್ಣಬೇಕವಾ, ಕೂಸ. ಎಡಗೈ ಊಟಕ್ಕಲ್ಲ."

ಚಿನ್ನಿ ಎರಡೂ ಕೈಯನ್ನು ಫ್ರಾಕಿನೊಳಗೆ ಎಳೆದುಕೊಂಡಳು. ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು. ನೀಲಗಂಗವ್ವ ತುತ್ತು ಕಲಸುತ್ತಿದ್ದ ಬಲಗೈಯನ್ನು ನಿಲ್ಲಿಸಿದಳು. ಅದನ್ನು ತಂಬಿಗೆ ನೀರಿನಲ್ಲಿ ತೊಳೆದು, ಮಡಿಲಿಗೆ ತಂದು ಸಂಚಿಯ ಮೇಲೆ, ನನ್ನ ಮೇಲೆ ಇಟ್ಟಳು. ಆಮೇಲೆ ಎಡಗೈಯಿಂದ ಹೋಳಿಗೆ ಮುರಿದು ಎಲ್ಲರೂ ನೋಡುವಂತೆ ಉಂಡಳು. ಸುವರ್ಣಾ ಎದುರು ಸಾಲಿನಿಂದ ತಾಯಿಯನ್ನೇ ನೋಡುತ್ತಿದ್ದಳು. ಚಿನ್ನಿಯ ಎಡಗೈ ಮೆಲ್ಲಗೆ ಹೊರಗೆ ಬಂತು.

ಅವತ್ತಿನಿಂದ ನೀಲಗಂಗವ್ವ ಎಡಗೈಯಲ್ಲೇ ಉಣ್ಣುತ್ತಾಳೆ. ಅಭ್ಯಾಸವಿಲ್ಲದ ಕೈ, ಸಾರು ಸೀರೆಯ ಮೇಲೆ ಚೆಲ್ಲುತ್ತದೆ. ಓಣಿಯವರು ಮುದುಕಿಗೆ ಅರಳುಮರಳು ಎಂದರು. ಒಂದು ದಿನ ಚಿನ್ನಿ ಕೇಳಿದಳು.

"ಆಯಿ, ನಿನ್ನ ಬಲಗೈಗೆ ಏನಾಗೇತಿ?"

"ಅದು ಒಂದು ತಪ್ಪು ಮಾಡೇತವಾ. ಅದಕ್ಕ ತುತ್ತು ಮುಟ್ಟಾಕ ಕೊಡೂದಿಲ್ಲ."

"ಎಷ್ಟು ದಿನಾ?"

ನೀಲಗಂಗವ್ವ ಸೀರೆಯ ಮೇಲೆ ಚೆಲ್ಲಿದ ಸಾರನ್ನು ಒರೆಸಿಕೊಂಡಳು. ಚಿನ್ನಿ ತನ್ನ ಮಡಚಿದ ಬಲಗೈಯನ್ನು ತಂದು ಆಯಿಯ ಬಲಗೈಯ ಮೇಲೆ ಇಟ್ಟಳು. "ನನ್ನ ಕೈನೂ ಹಂಗ ತಪ್ಪು ಮಾಡಿತ್ತೇನ, ಆಯಿ?"

ಆ ಮಾತಿಗೆ ಮುದುಕಿ ಅತ್ತಷ್ಟು ಯಾವತ್ತೂ ಅತ್ತಿರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು, "ಇಲ್ಲವಾ, ನಿಂದಲ್ಲ, ನಿಂದಲ್ಲ," ಎಂದಷ್ಟೇ ಹೇಳುತ್ತಿದ್ದಳು. ಅಡುಗೆಮನೆಯಿಂದ ಸುವರ್ಣಾ ಬಂದು, ಆರು ವರ್ಷದ ಮೇಲೆ ಮೊದಲ ಸಲ ತಾಯಿಯ ಪಕ್ಕದಲ್ಲಿ ಕೂತಳು.

ಈಗಲೂ ನನ್ನೊಳಗೆ ಒಂದು ಕೈ ಇದೆ, ಎರಡು ತಿಂಗಳ ಕೂಸಿನದು, ಮಡಚಿ ನಿದ್ದೆ ಹೋದದ್ದು. ಒಂದು ತಂಬಿಗೆ ಬಿಸಿನೀರು ಸಾಕು, ನಾನು ಅದನ್ನೂ ಮರೆತು ಬರೀ ಹಾಳೆಯಾಗುತ್ತೇನೆ. ಮನೆಯಲ್ಲಿ ದಿನವೂ ಹಂಡೆ ಕಾಯುತ್ತದೆ. ನೀಲಗಂಗವ್ವ ಸ್ನಾನಕ್ಕೆ ಹೋಗುವ ಮೊದಲು ಸಂಚಿಯನ್ನು ಸೊಂಟದಿಂದ ಬಿಚ್ಚಿ, ಬಚ್ಚಲಿನಿಂದ ದೂರದ ಗೂಟಕ್ಕೆ ತೂಗುಹಾಕಿ ಹೋಗುತ್ತಾಳೆ.