ಬೀಜಿಯ ಹೆಸರಿನ ಮುಳುಗು

ಘಾಂಘರಿಯಾದಲ್ಲಿ ಸೇತುವೆ ದಾಟಿದ ಕೂಡಲೇ ಸಿಗುವ ಚಹಾದಂಗಡಿ ನನ್ನದು. ಅಲ್ಲಿಂದ ಮೇಲಕ್ಕೇರುವವರ ಭಕ್ತಿಯನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಬೆಳಿಗ್ಗೆ ಅದು ಬಾಯಲ್ಲಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿಗೆ ಇಳಿದಿರುತ್ತದೆ. ಮೇಲಿನ ಸರೋವರ ಸಿಖ್ಖರಿಗೆ ಹೇಮಕುಂಡ ಸಾಹಿಬ್, ನಮ್ಮ ಭ್ಯೂಂಡಾರ್ ಕಣಿವೆಯವರಿಗೆ ಲಕ್ಷ್ಮಣ ತಪಸ್ಸು ಮಾಡಿದ ಲೋಕಪಾಲ. ಯಾವ ಹೆಸರು ಹೇಳಿ ಮುಳುಗಿದರೂ ಹಲ್ಲು ಕಟಕಟ ಅನ್ನುವುದು ತಪ್ಪುವುದಿಲ್ಲ.

ಹಿಮ ಇನ್ನೂ ಪೂರ್ತಿ ಕರಗಿರದ ಜೂನ್ ತಿಂಗಳ ಒಂದು ಬೆಳಿಗ್ಗೆ ತರನ್ ತಾರನ್ ಕಡೆಯ ಸರ್ದೂಲ್ ಸಿಂಗ್ ಬಂದ. ಲಾರಿಗಳ ಒಡೆಯನಂತೆ, ಯಾರೂ ಕೇಳದಿದ್ದರೂ ಅವನೇ ಹೇಳಿಕೊಂಡ. ಜೊತೆಗೆ ಮೊಬೈಲು ಹಿಡಿದು ಅವನನ್ನೇ ಚಿತ್ರ ತೆಗೆಯುತ್ತಿದ್ದ ಭಾವಮೈದುನ, ಹಿಂದೆ ಕೋಲೂರಿಕೊಂಡು, ಅವನು ಬೀಜಿ ಅಂತ ಕರೆಯುವ ತಾಯಿ ಬಚಿಂತ್ ಕೌರ್. ಮುದುಕಿಯನ್ನು ನನ್ನ ಬೆಂಚಿನ ಮೇಲೆ ಮೂಟೆ ಇಳಿಸಿದಂತೆ ಕೂರಿಸಿದ.

"ಬೀಜಿ, ನೀನಿಲ್ಲೇ ಕೂತಿರು. ಮೇಲೆ ಉಸಿರು ಸಿಗಲ್ಲ. ನಿನ್ನ ಹೆಸರಲ್ಲಿ ನಾನೇ ಮುಳುಗಿ ಬರ್ತೀನಿ, ಬಾಟ್ಲೀಲಿ ನೀರೂ ತರ್ತೀನಿ."

"ಹರಕೆ ನಂದು, ಪುತ್ತರ್. ನೆನೀಬೇಕಾದ ಮೈಯೂ ನಂದೇ."

"ಗುರುಗಳಿಗೆ ಎಲ್ಲಾ ಗೊತ್ತಾಗುತ್ತೆ ಬಿಡು" ಅಂದವನೇ ಹೇಸರಗತ್ತೆ ಹತ್ತಿದ. ಅವನ ಜಯಘೋಷಕ್ಕೆ ಪಾಪ, ಅದು ಕಿವಿ ಮಡಚಿಕೊಂಡಿತು. ಅಷ್ಟು ವಿವೇಕ ಭಾವಮೈದುನನಿಗಿರಲಿಲ್ಲ. "ಜೀಜಾಜಿ, ಇನ್ನೊಂದ್ಸಲ ಕೂಗಿ. ವೀಡಿಯೊ ಸರಿಯಾಗಿ ಬರ್ಲಿಲ್ಲ!"

ಅವರು ಮರೆಯಾದ ಮೇಲೆ ಕೇಳಿದೆ, "ಏನು ಹರಕೆ ಬೀಜಿ?"

"ಇವನಿನ್ನೂ ಎಳೇ ಮಗು. ಗಂಟಲು ಕಟ್ಟಿ ನೀಲಿಗಟ್ಟಿದ್ದ, ಡಾಕ್ಟ್ರೂ ಕೈಚೆಲ್ಲಿದ್ರು. ಇವನ ಉಸಿರು ಉಳಿಸು, ಆ ತಣ್ಣೀರಲ್ಲಿ ಬಂದು ಮುಳುಗ್ತೀನಿ ಅಂತ ಬೇಡ್ಕೊಂಡಿದ್ದೆ. ಇವತ್ತು ನಾಳೆ ಅಂತ ಇಷ್ಟು ವಯಸ್ಸಾಯ್ತು. ಈ ಸಲ ಬಿಟ್ರೆ ಇನ್ನಿಲ್ಲ, ಮಗಳೇ."

ನನಗೆ ಮೈಯೆಲ್ಲ ಉರಿಯಿತು. ಯಾರ ಉಸಿರಿಗಾಗಿ ಹರಕೆಯೋ ಅವನೇ ಉಸಿರಿನ ನೆಪ ಹೇಳಿ ಅವಳನ್ನು ಬಿಟ್ಟು ಹೋಗಿದ್ದ! ಯಾತ್ರಿಕರನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊರುವ ನನ್ನ ಮೈದುನ ದರ್ವಾನ್ ಆಗಷ್ಟೇ ಚಹಾಕ್ಕೆ ಬಂದಿದ್ದ.

"ಲೋಟ ಇಡು, ಬುಟ್ಟಿ ಎತ್ತು" ಅಂದೆ.

"ಚಹಾ ಆದ್ರೂ ಮುಗಿಸ್ತೀನಿ ಬೌಜಿ!"

"ಬಂದ್ಮೇಲೆ ಕುಡಿ. ಬೀಜಿಗೆ ಉಸಿರು ಕಟ್ಟಿದ್ರೆ ತಕ್ಷಣ ಇಳಿಸ್ಕೊಂಡು ಬಾ. ಮಗರಾಯ ಕಂಡ್ರೆ ಮಾತ್ರ ನಿಲ್ಲಬೇಡ."

ಮುದುಕಿ ಕಿಸಕ್ಕೆಂದು ನಕ್ಕಳು. ಜಿಟಿಜಿಟಿ ಮಳೆ ಹಿಡಿದಿತ್ತು. ಬುಟ್ಟಿಯಲ್ಲಿ ಕೂತವಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಳಿಸಿದೆ. ಕಳಿಸಿದ ಮೇಲೆ ನನಗೂ ಹೆದರಿಕೆಯಾಯಿತು. ಎರಡು ಸಲ ಹಾಲು ಉಕ್ಕಿಸಿದೆ.

ಮೇಲೆ ಯಾರನ್ನೂ ರಾತ್ರಿ ತಂಗಲು ಬಿಡುವುದಿಲ್ಲ, ಮಧ್ಯಾಹ್ನವೇ ಎಲ್ಲರೂ ಇಳಿಯಬೇಕು. ದರ್ವಾನ್ ಅವಳನ್ನು ತಂದು ನನ್ನ ಒಲೆಯ ಪಕ್ಕ ಕೂರಿಸಿದ. ತುಟಿ ನೇರಳೆಯಾಗಿತ್ತು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ಹೆಂಗಸರು ಸ್ನಾನ ಮಾಡೋ ಮರೆಯೊಳಗಿಂದ 'ಇನ್ನೊಂದ್ಸಲ, ಇನ್ನೊಂದ್ಸಲ' ಅಂತ ಇವರದೇ ದನಿ, ಬೌಜಿ! ಆಮೇಲೆ ನಮ್ಮ ಲಕ್ಷ್ಮಣನ ಗುಡೀಲೂ ಗಂಟೆ ಬಾರಿಸಿ, ಗುರುದ್ವಾರದ ಲಂಗರಿನಲ್ಲಿ ಊಟಕ್ಕೆ ಕೂತು ಖಿಚಡಿ ಎರಡೆರಡು ಸಲ ಹಾಕಿಸ್ಕೊಂಡ್ರು."

ಸರ್ದೂಲ್ ಸಿಂಗ್ ಬಂದದ್ದು ಆಮೇಲೆ. ಹೇಸರಗತ್ತೆಯಿಂದ ಇಳಿಯುವಾಗ ಅವನು ನರಳಿದ್ದು ನೋಡಿದರೆ, ಅದನ್ನು ಅವನೇ ಹೊತ್ತು ತಂದಂತಿತ್ತು. ಭಾವಮೈದುನ ಮೊಬೈಲು ಎತ್ತಿ ಹಿಡಿದ.

"ಎಂಥಾ ಚಳಿ ಬೀಜಿ! ಐದು ಮುಳುಗು ಹಾಕ್ದೆ, ಎಲ್ಲಾ ನಿನ್ನ ಹೆಸರಲ್ಲೇ! ತಲೆ ಮೇಲಿನ ಬಟ್ಟೆ ಸರಿಸು, ಈ ನೀರು ಚಿಮುಕಿಸ್ತೀನಿ."

ಬಚಿಂತ್ ಕೌರ್ ಬಟ್ಟೆ ಸರಿಸಿದಳು. ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಟಲಿ ಹಿಡಿದ ಅವನ ಕೈ ಅಲ್ಲೇ ನಿಂತಿತು.

"ಬುಟ್ಟೀಲಿ ಕೂತವರ ಮುಖ ಹಿಂದಕ್ಕಿರುತ್ತೆ, ಪುತ್ತರ್. ದಾಟಿ ಬಂದಿದ್ದೆಲ್ಲಾ ಕಾಣುತ್ತೆ. ಅರ್ಧ ದಾರೀಲಿ, ಹಿಮಗಡ್ಡೆ ಹತ್ರದ ಅಂಗಡೀಲಿ ನೀನು ಬಿಸಿನೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಕೂತಿದ್ದೆ. ಹೋಗ್ತಾನೂ ನೋಡ್ದೆ, ಬರ್ತಾನೂ ನೋಡ್ದೆ."

"ಅದು... ಉಸಿರು ಕಟ್ಟಿದ ಹಾಗಾಯ್ತು ಬೀಜಿ..."

ಭಾವಮೈದುನ ಮೊಬೈಲು ಕೆಳಗಿಳಿಸುವುದನ್ನೂ ಮರೆತಿದ್ದ. ಬಚಿಂತ್ ಕೌರ್ ಮಗನ ಕೈಯಿಂದ ಬಾಟಲಿ ತೆಗೆದು ನನ್ನ ಪಾತ್ರೆ ತೊಳೆಯುವ ಬಾನಿಯೊಳಕ್ಕೆ ಸುರಿದಳು.

"ನಿನ್ನ ಉಸಿರು ಉಳಿಸು ಅಂತ ಬೇಡಿದ್ದೆ, ಗುರುಗಳು ಕೊಟ್ರು. ಅದರ ಮೇಲೆ ಇನ್ನೇನೂ ಬೇಡ್ಲಿಲ್ಲ ನೋಡು. ತಪ್ಪು ನಂದೇ."