ಗುಂಡಿ ಒತ್ತುವ ಹೊತ್ತು

"ಮಗು ನಿನ್ನೆ ಓಡಿದ್ಳಾ?" ಎದೆಬಡಿತ ಬರೆದುಕೊಳ್ಳುವ ಯಂತ್ರದಲ್ಲಿ ದಾಖಲಾಗಿದ್ದ ಗೆರೆಗಳನ್ನು ನೋಡುತ್ತ ಡಾಕ್ಟರು ಕೇಳಿದರು.

"ಇಲ್ಲ ಸಾರ್. ಒಂದ್ ಹೆಜ್ಜೆ ಓಡೋಕೆ ಬಿಟ್ಟಿಲ್ಲ," ಎಂದಳು ತಾಯಿ. ಶಹಭಾಸ್ ಅನ್ನಬಹುದೆಂದು ಕಾದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳು ಯಂತ್ರ ಕಟ್ಟಿದ್ದ ಹಿಂದಿನ ದಿನ ರಜೆ ಹಾಕಿ ಮಗಳ ಕಾವಲು ಕೂತಿದ್ದಳು. ಎದೆಗೆ ಅಂಟಿಸಿದ ತಂತಿ ಕಿತ್ತುಬಂದರೆ, ಸೊಂಟದ ಪೆಟ್ಟಿಗೆ ಗೋಡೆಗೆ ತಾಗಿದರೆ ಎಂಬ ಭಯ. ನಿಂತಲ್ಲಿ ನಿಲ್ಲದ್ದಕ್ಕೆ ಬುಗುರಿ ಎಂದೇ ಹೆಸರಾದ ಹುಡುಗಿ ದಿನವಿಡೀ ಮಂಚದ ಮೇಲೆ ಮುಖ ಊದಿಸಿಕೊಂಡಿದ್ದಳು.

"ಅದಕ್ಕೇ ಏನೂ ಸಿಕ್ಕಿಲ್ಲಮ್ಮ. ಎದೆ ಹಾರೋದು ಉಬ್ಬಸಕ್ಕೆ ಎಳ್ಕೊಳ್ಳೋ ಪಂಪಿನ ಔಷಧಿಯಿಂದಲೋ, ಹೃದಯವೇ ತಾಳ ತಪ್ತಿದೆಯೋ ಗೊತ್ತಾಗ್ಬೇಕು. ಇನ್ನೊಂದ್ಸಲ ಕಟ್ಟಿಸ್ಕೊಳ್ಳಿ. ದಿನಾ ಇದ್ದ ಹಾಗೇ ಇರ್ಲಿ. ಎದೆ ಹಾರಿದಾಗ ಪೆಟ್ಟಿಗೆಯ ಈ ಗುಂಡಿ ಒತ್ಲಿ. ನಿಲ್ಲದಿದ್ರೆ, ತಲೆ ಸುತ್ತಿದ್ರೆ ತಕ್ಷಣ ಕರ್ಕೊಂಡ್ ಬನ್ನಿ."

ಪಂಪಿನದೇ ಆಗಿರಲಿ ಎಂದುಕೊಂಡಳು ತಾಯಿ. ಪಂಪಾದರೆ ಬದಲಾಯಿಸಬಹುದು.

ಹೊರಗೆ ಬಂದ ಮೇಲೆ ಬುಗುರಿ, "ಆಡೋಕೆ ಬಿಡು ಅಂತ ನಾನ್ ಹೇಳಿರ್ಲಿಲ್ವಾ?" ಎಂದಳು.

"ಹೌದಮ್ಮ, ದೊಡ್ಡ ಡಾಕ್ಟ್ರು ನೀನು. ನಡಿ."

ಎರಡನೇ ಸಲ ಯಂತ್ರ ಕಟ್ಟಿಸಿದ ದಿನ ತಾಯಿಗೆ ರಜೆ ಸಿಗಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕುಸಿದಳು. ಮಗಳು ಅಲ್ಲಿಟ್ಟು ಹೋಗಿದ್ದ ಪಂಪು ಮುಷ್ಟಿಯಲ್ಲಿತ್ತು. ಕೆಳಗೆ ಅಂಗಳದಲ್ಲಿ ಮಕ್ಕಳು ಅಟ್ಟಿಸಿಕೊಂಡು ಓಡುತ್ತಿದ್ದವು. ಮುಂದೆ ಬುಗುರಿ. ನಾಲಿಗೆ ತುದಿಗೆ ಬಂದ 'ಮೆಲ್ಲಗೆ' ಎಂಬ ಮಾತನ್ನು ತಾಯಿ ನುಂಗಿಕೊಂಡಳು. ಇಷ್ಟು ತಿಂಗಳು ಬಾರದಿರಲಿ ಎಂದಿದ್ದನ್ನೇ ಈಗ ಬರಲಿ ಎಂದು ಕಾಯಬೇಕು. ಕಾಯುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಬುಗುರಿ ಥಟ್ಟನೆ ನಿಂತು, ಮೆಟ್ಟಿಲ ಹತ್ತಿರ ಬಂದಳು. ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಬಂತಮ್ಮ."

"ಗುಂಡಿ ಒತ್ತು."

"ಒತ್ತಿದೆ."

"ತಲೆ ಸುತ್ತುತ್ತಾ?"

"ಇಲ್ಲ. ಉಸಿರೂ ಚೆನ್ನಾಗಿದೆ."

"ಪಂಪು ಯಾವಾಗ ಎಳ್ಕೊಂಡೆ?"

"ಇವತ್ತು ಎಳ್ಕೊಂಡೇ ಇಲ್ಲ. ನಿನ್ನೆ ಕೂಡ ಬೇಕಾಗ್ಲಿಲ್ಲ."

ತಾಯಿ ಕೈಯಲ್ಲಿದ್ದ ಪಂಪನ್ನು ನೋಡಿದಳು. ಬೈಯಲು ಅದೊಂದಿತ್ತು. ಅದೂ ಹೋಯಿತು, ಉಳಿದದ್ದು ಹೃದಯ.

ತುಸು ಹೊತ್ತಿಗೆ ನರ ತಣ್ಣಗಾಯಿತು. "ನಿಂತ್ಹೋಯ್ತು. ಇನ್ನೊಂದಾಟ ಆಡ್ಲಾ?"

"ಬೇಡ, ಇಲ್ಲಿ ಕೂತ್ಕೊ."

"ದಿನಾ ಇದ್ದ ಹಾಗೇ ಇರ್ಬೇಕು ಅಂದಿದ್ರು ಡಾಕ್ಟ್ರು."

"ನನಗೆ ಸುಸ್ತಾಗಿದೆ ಕಣೇ," ಎಂದು ತಾಯಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.