ವಾಪಸ್ ಕೇಳಿದ ತಾಂಬೂಲ

ಗಂಡ ಹೋದ ಮೇಲೂ ಅವರಿಗೆ ಮೇಲ್ ಬರುವುದು ನಿಲ್ಲಲಿಲ್ಲ. ಕರೆಂಟು ಬಿಲ್ಲು, ಲೈಬ್ರರಿಯವರ ಜ್ಞಾಪನೆ, ಮೊಣಕಾಲಿಗೆ ಹಾಕುವ ಪಟ್ಟಿಯ ಮೇಲೆ ರಿಯಾಯಿತಿ, ಎಲ್ಲವೂ ಸೂರ್ಯನಾರಾಯಣ ಎಂಬ ಹೆಸರಿಗೇ. ಬೆಳಿಗ್ಗೆ ಕಾಫಿ ಮುಂದಿಟ್ಟುಕೊಂಡು ಅವನ್ನೆಲ್ಲ ತೆರೆದು ಓದುವುದು ನನ್ನ ಕೆಲಸವಾಯಿತು. ಓದುವಾಗ ಅಳು ಬಂದೀತೇನೋ ಎಂದು ಕಾಯುತ್ತಿದ್ದೆ. ಬರಲಿಲ್ಲ. ಪ್ರಿನ್ಸ್‌ಟನ್ನಿನ ಕನ್ನಡದವರೆಲ್ಲ ಭಾನುಮತಿ ಎಷ್ಟು ಗಟ್ಟಿ ನೋಡಿ ಎಂದು ಹೊಗಳುತ್ತಿದ್ದರಂತೆ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು, ಅಷ್ಟೆ.

ಮೇ ತಿಂಗಳ ಒಂದು ಶುಕ್ರವಾರ ಬಂದ ಮೇಲ್ ದೀಪದ ವಿಷಯದ್ದು. ಹಿಂದಿನ ದಸರಾಕ್ಕೆ ಇವರು ಆನ್‌ಲೈನಿನಲ್ಲಿ ತರಿಸಿದ್ದ ಪುಟ್ಟ ಬ್ಯಾಟರಿ ದೀಪಗಳನ್ನು ಕಂಪನಿ ರೀಕಾಲ್ ಮಾಡಿತ್ತು, ಅಂದರೆ ಮಾರಿದ್ದನ್ನೆಲ್ಲ ವಾಪಸ್ ಕರೆದಿತ್ತು. ದೀಪ ಕೆಳಗೆ ಬಿದ್ದರೆ ಸ್ಕ್ರೂ ಇಲ್ಲದ ತಳದ ಮುಚ್ಚಳ ಕಳಚಿಕೊಳ್ಳುತ್ತದೆ, ಒಳಗಿನ ಬಟನ್ ಬ್ಯಾಟರಿ ಈಚೆಗೆ ಬರುತ್ತದೆ. ಮಗು ಅದನ್ನು ನುಂಗಿದರೆ ಅದು ಗಂಟಲ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗಿನ ಮಾಂಸವನ್ನು ಸುಡಲು ಶುರು ಮಾಡುತ್ತದೆ. ಕೂಡಲೇ ಬಳಸುವುದನ್ನು ನಿಲ್ಲಿಸಿ, ಯಾರಿಗಾದರೂ ಕೊಟ್ಟಿದ್ದರೆ ಅವರಿಗೂ ತಿಳಿಸಿ ಎಂದಿತ್ತು. ಎರಡು ಸಲ ಓದಿದೆ. ಕಾಫಿ ಆರಿಹೋಯಿತು.

ಯಾರಿಗಾದರೂ ಕೊಟ್ಟಿದ್ದರೆ, ಅಂತೆ. ನಾನು ಕೊಡದೆ ಬಿಟ್ಟವರು ಯಾರು ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು. ಅದಕ್ಕೂ ಹಿಂದಿನ ವರ್ಷ ಗೊಂಬೆ ಕೂರಿಸಿದಾಗ ಎಣ್ಣೆದೀಪದ ಹೊಗೆಗೆ ಅಲಾರಾಂ ಹೊಡೆದುಕೊಂಡು ಫೈರ್ ಎಂಜಿನ್ ಬಂದಿತ್ತು. ಬೂಟುಗಾಲಿನ ಆಳುಗಳು ಪಟ್ಟದ ಗೊಂಬೆಗಳ ಎದುರು ಟೋಪಿ ತೆಗೆದು ನಿಂತಿದ್ದರು. ಬೀದಿಯೆಲ್ಲ ನೋಡಿತು, ಮಾನ ಹೋಯಿತು. ಆಮೇಲೆ ಇವರು ಎಣ್ಣೆಯ ಸಹವಾಸವೇ ಬೇಡ ಎಂದು ಬ್ಯಾಟರಿ ದೀಪಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದರು. ಗೊಂಬೆಗಿಟ್ಟು ಮಿಕ್ಕಿದ್ದನ್ನು ತಾಂಬೂಲದ ಜೊತೆ ಕೊಡು ಎಂದವರೂ ಅವರೇ. ಹೊಸ ವಸ್ತುವನ್ನು ಹಾಗೇ ಕೊಡುವುದು ನಮ್ಮ ಮನೆಯ ಪದ್ಧತಿಯಲ್ಲ. ಒಂದೊಂದು ದೀಪವನ್ನೂ ಮಗುಚಿ ತಳಕ್ಕೆ ಅರಿಸಿನ ಕುಂಕುಮದ ಚುಕ್ಕೆಯಿಟ್ಟು, ಎಲೆ, ಅಡಿಕೆ, ರವಿಕೆ ಕಣದ ಜೊತೆ ಚೀಲಕ್ಕೆ ಹಾಕಿ, ಗೊಂಬೆ ನೋಡಲು ಬಂದ ಹೆಂಗಸರಿಗೆಲ್ಲ ನಾನೇ ಕೈಯಾರೆ ಕೊಟ್ಟಿದ್ದೆ.

ಈಗ ಅದನ್ನು ವಾಪಸ್ ಕೇಳಬೇಕು. ಕೊಟ್ಟ ತಾಂಬೂಲವನ್ನು ವಾಪಸ್ ಕೇಳಿದವರನ್ನು ನಾನಂತೂ ಕಂಡಿಲ್ಲ. ಅದರ ಮೇಲೆ, ಕೇಳುವವಳು ಗಂಡ ಸತ್ತವಳು. ಫೋನಿನಲ್ಲಿ ನನ್ನ ದನಿ ಕೇಳುತ್ತಲೇ ಕೆಲವರು ತಮ್ಮ ದನಿ ತಗ್ಗಿಸಿದರು, ಸಾವಿನ ಮನೆಗೆ ಬಂದವರ ಹಾಗೆ. ಒಬ್ಬಳು ಊಟ ಮಾಡಿದಿರಾ ಆಂಟಿ ಎಂದು ಮೂರು ಸಲ ಕೇಳಿದಳು. ನನ್ನ ಊಟ ಹಾಳಾಗಲಿ, ನಿನ್ನ ಮನೆಯ ದೀಪ ಎಲ್ಲಿದೆ ಹೇಳು ತಾಯಿ ಎಂದೆ. ಎಸೆದುಬಿಟ್ಟೆವು ಎಂದವರೇ ಬಹಳ ಮಂದಿ. ನಾನು ನಂಬಲಿಲ್ಲ.

ನಮ್ಮವರ ತಾಂಬೂಲ ಹೇಗೆ ಓಡಾಡುತ್ತದೆಂದು ನನಗೆ ಹೇಳಿಕೊಡಬೇಕೆ? ನಾನು ಎಡಿಸನ್‌ನಲ್ಲಿ ಕೊಟ್ಟ ಹಸಿರು ರವಿಕೆ ಕಣ ಎರಡು ವರ್ಷದ ಮೇಲೆ ಫ್ಲೋರಲ್ ಪಾರ್ಕಿನ ಒಂದು ಸೀಮಂತದಲ್ಲಿ ನನಗೇ ಬಂದಿತ್ತು, ಮಡಿಕೆಯೂ ಕೆಟ್ಟಿರಲಿಲ್ಲ. ಹಾಗೆ ದಾಟಿಸುವುದು ತಪ್ಪೆಂದು ಯಾರೂ ಭಾವಿಸುವುದಿಲ್ಲ, ಆದರೆ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮಾತ್ರ ಪ್ರಾಣಸಂಕಟ. ಅದಕ್ಕೇ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಬೇರೆಯವರಿಗೆ ಕೊಟ್ಟಿದ್ದರೆ ಕೊಟ್ಟೆ ಅನ್ನಿ, ನನಗೇನೂ ಬೇಜಾರಿಲ್ಲ, ಮಗುವಿರುವ ಮನೆಗೆ ಹೋಗಿದ್ದರೆ ಕಷ್ಟ ಎಂದೆ. ಒಂದೆರಡು ಸಲ ಗದರಿದ ಮೇಲೆ ಎಲ್ಲರ ಬಾಯಿಂದಲೂ ನಿಜ ಬಂತು. ದಾಟಿಹೋದ ದೀಪಗಳನ್ನೂ ಅವರವರೇ ಹುಡುಕಿ ಬ್ಯಾಟರಿ ತೆಗೆಸಿದರು. ಒಬ್ಬಾಕೆ ತನ್ನ ದೀಪವನ್ನು ಡಬ್ಬಿಯಲ್ಲಿಟ್ಟು, ಬರಿದೇ ಹೇಗೆ ಕಳಿಸುವುದೆಂದು ಮೇಲೆ ನಾಲ್ಕು ರವೆ ಉಂಡೆ ಇಟ್ಟು ಕಳಿಸಿದಳು.

ಉಳಿದವಳು ಸುಂದರಿ. ಮಂಗಳೂರು ಕಡೆಯವಳು, ನಾವಿಬ್ಬರೂ ಈ ದೇಶಕ್ಕೆ ಒಂದೇ ಚಳಿಗಾಲದಲ್ಲಿ ಬಂದವರು. ಅವಳು, ಅವಳ ಗಂಡ ಶಾಂತಾರಾಮ ಸೇರಿ ಎಡಿಸನ್ ಹತ್ತಿರ ಒಂದು ಮೋಟೆಲ್ ನಡೆಸುತ್ತಾರೆ. ಇವರು ಹೋದ ದಿನ ಮೊದಲು ಬಂದವಳೂ ಅವಳೇ, ನನ್ನ ಅಡುಗೆಮನೆಯಲ್ಲಿ ಹದಿಮೂರು ದಿನ ಅನ್ನ ಬೇಯಿಸಿದವಳೂ ಅವಳೇ. ಫೋನಿನಲ್ಲಿ ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅಂದಳು.

"ನಾನು ಯಾರಿಗೂ ಕೊಡಲಿಲ್ಲ ಮಾರಾಯ್ತಿ. ದೇವರ ಕೋಣೆಯಲ್ಲೇ ಉಂಟು."

ಕೊಟ್ಟೆಯಾ ಎಂದು ನಾನಿನ್ನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ಅವಳ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ದೀಪ ದೇವರ ಕೋಣೆಯಲ್ಲೇ ಇದ್ದರೂ ಇರಬಹುದು ಎಂದುಕೊಂಡೆ. ತಳದ ಫೋಟೋ ತೆಗೆದು ಕಳಿಸು ಎಂದೆ. ಹೂಂ ಎಂದಳು, ಕಳಿಸಲಿಲ್ಲ. ಶನಿವಾರ ಕೇಳಿದರೆ ಮೋಟೆಲಿನಲ್ಲಿ ಮದುವೆ ಪಾರ್ಟಿ ಇಳಿದಿದೆ, ಉಸಿರಾಡಲು ಪುರುಸೊತ್ತಿಲ್ಲ ಎಂದಳು. ಭಾನುವಾರ ಫೋನ್ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ತಾನಾಗಿಯೇ ಫೋನ್ ಮಾಡಿ, ಬಾ, ಕಾಫಿ ಕುಡಿದು ನಿನ್ನ ದೀಪ ನೀನೇ ತೆಗೆದುಕೊಂಡು ಹೋಗು ಎಂದಳು.

ನನಗೆ ಡ್ರೈವಿಂಗ್ ಬರುವುದಿಲ್ಲ. ಇವರಿದ್ದಾಗ ಕಲಿಯುವ ಪ್ರಮೇಯ ಬರಲಿಲ್ಲ. ಟ್ರೇನಿನಲ್ಲಿ ಹೋದೆ, ಸುಂದರಿ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಮೋಟೆಲಿನ ನಲ್ಲಿ ಸೋರುವ ಕತೆ ಹೇಳಿದಳು. ಮನೆಯಲ್ಲಿ ಬೆಳ್ಳಿ ತಟ್ಟೆಯಲ್ಲಿ ಬಾಳೆಹಣ್ಣಿನ ಪಕ್ಕ ದೀಪವಿಟ್ಟು ನನ್ನ ಮುಂದೆ ಹಿಡಿದಳು. ಮೊದಲಾದರೆ ಆ ತಟ್ಟೆಯಲ್ಲಿ ಕುಂಕುಮದ ಬಟ್ಟಲೂ ಇರುತ್ತಿತ್ತು. ಇಲ್ಲದ್ದು ಕಣ್ಣಿಗೆ ಬಿತ್ತು, ಏನೂ ಅನ್ನಿಸಲಿಲ್ಲ. ದೀಪ ಎತ್ತಿ ಮಗುಚಿ ನೋಡಿದೆ. ಚುಕ್ಕೆಯಿಲ್ಲ. ತಳದಲ್ಲಿ ಪುಟ್ಟ ಸ್ಕ್ರೂ ಬಿಗಿದಿತ್ತು.

ಇದು ನಾನು ಕೊಟ್ಟದ್ದಲ್ಲ ಎಂದೆ. ನಿನ್ನದೇ, ಎಣ್ಣೆಜಿಡ್ಡು ಹಿಡಿದಿತ್ತು, ತೊಳೆದೆ ಎಂದಳು.

"ತೊಳೆದರೆ ಸ್ಕ್ರೂ ಹುಟ್ಟತ್ತಾ ಸುಂದರಿ?"

ಅವಳು ಸೋಫಾದ ತುದಿಗೆ ಕೂತಳು. ಆಮೇಲೆ ಒಂದೊಂದೇ ಹೇಳಿದಳು. ದೇವಸ್ಥಾನದಲ್ಲಿ ಪರಿಚಯವಾದ ಬೆಂಗಳೂರಿನ ಹುಡುಗಿ ಹಂಸಿನಿ, ಸೀಕಾಕಸ್‌ನಲ್ಲಿ ಮನೆ, ಸಂಕ್ರಾಂತಿ ಹೊತ್ತಿಗೆ ಮಗುವನ್ನೆತ್ತಿಕೊಂಡು ಹೇಳದೆ ಕೇಳದೆ ಬಂದಿದ್ದಳಂತೆ. ಮೊದಲ ಸಲ ಬಂದ ಮುತ್ತೈದೆ, ಕೈಯಲ್ಲಿ ಕೂಸು, ಬರಿಗೈಲಿ ಕಳಿಸುವುದು ಹೇಗೆ? ಕಪಾಟಿನಲ್ಲಿ ನನ್ನ ಚೀಲ ಕಂಡಿತು, ಕೊಟ್ಟಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಗುವಿಗೆ ಅಂತಲೇ ಊರಿನಿಂದ ತರಿಸಿದ್ದು ಎಂದೂ ಹೇಳಿಬಿಟ್ಟಿದ್ದಳು. ನನ್ನ ಫೋನ್ ಬಂದ ಮೇಲೆ ಹಂಸಿನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಶನಿವಾರ ಅಂಗಡಿಗೆ ಹೋಗಿ ಅಂಥದೇ ಇನ್ನೊಂದು ದೀಪ ತಂದಿದ್ದಳು, ನನಗೆ ತೋರಿಸಲು.

"ಅವಳ ಹತ್ತಿರ ಎಂತ ಹೇಳುವುದು? ನಿನಗೆ ಕೊಟ್ಟದ್ದು ಮತ್ತೊಬ್ಬರು ನನಗೆ ಕೊಟ್ಟದ್ದು ಅಂತ ಹೇಳುವುದಾ? ಎತ್ತರದಲ್ಲಿ ಇಟ್ಟಿರ್ತಾಳೆ ಅಂತ ಎಣಿಸಿದೆ."

ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಈಗ ನಡೆಯುತ್ತಾಳೆ, ಆನ್ಯಾ ಅಂತ ಹೆಸರು ಎಂದಳು. ಅವಳ ಫೋನನ್ನು ಅವಳ ಕೈಗೇ ಕೊಟ್ಟು, ಹಚ್ಚು ಎಂದೆ. ಹಂಸಿನಿ ಎತ್ತಲಿಲ್ಲ. ಮತ್ತೆ ಹಚ್ಚಿಸಿದೆ. ಮೂರನೆಯ ಸಲಕ್ಕೆ ಎತ್ತಿದಳು, ಹಿಂದೆ ಮಗು ಕೆಮ್ಮುವುದು ಕೇಳಿಸುತ್ತಿತ್ತು. ಸುಂದರಿಯ ಕೈಯಿಂದ ನಾನೇ ಫೋನ್ ಕಿತ್ತುಕೊಂಡೆ. ನಾನು ಯಾರೆಂದು ಹೇಳಿ, ಸುಂದರಿ ಆಂಟಿ ಕೊಟ್ಟ ದೀಪ ಎಲ್ಲಿದೆ ಎಂದು ಕೇಳಿದೆ.

"ಆನ್ಯಾ ಹತ್ರಾನೇ ಇರತ್ತೆ ಆಂಟಿ, ಇಟ್ಸ್ ಹರ್ ಫೇವರಿಟ್. ಯಾಕೆ?"

ತಳದ ಮುಚ್ಚಳ ಇದೆಯಾ ನೋಡು ಎಂದೆ. ಅವಳು ಹುಡುಕುವುದು, ಆಟದ ಸಾಮಾನು ಸರಿಸುವುದು ಕೇಳಿಸಿತು. ಮುಚ್ಚಳ ಇಲ್ಲ, ಬ್ಯಾಟರಿಯೂ ಇಲ್ಲ ಎಂದಳು. ಮಗು ಹೇಗಿದೆ ಎಂದರೆ, ನಿನ್ನೆಯಿಂದ ಜೊಲ್ಲು ಸುರಿಸುತ್ತಿದೆ, ಏನು ಕೊಟ್ಟರೂ ನುಂಗುತ್ತಿಲ್ಲ, ಹಲ್ಲು ಬರುತ್ತಿರಬೇಕು ಎಂದಳು. ಕಡೆಕಡೆಗೆ ಅವಳ ದನಿ ತಾನಾಗಿಯೇ ಸಣ್ಣದಾಯಿತು.

"ಹಲ್ಲಲ್ಲ ಕಣಮ್ಮ. ಏನೂ ತಿನ್ನಿಸಬೇಡ. ಈಗಲೇ ಆಂಬುಲೆನ್ಸ್ ಕರಿ. ಬಟನ್ ಬ್ಯಾಟರಿ ನುಂಗಿರಬೇಕು, ಎಕ್ಸ್‌ರೇ ತೆಗೀರಿ ಅಂತ ಹೇಳು. ಬಟನ್ ಬ್ಯಾಟರಿ, ಗೊತ್ತಾಯ್ತಾ?"

ಟರ್ನ್‌ಪೈಕ್ ಹೆದ್ದಾರಿಯಲ್ಲಿ ಸುಂದರಿ ಕಾರು ಓಡಿಸುತ್ತ ಅತ್ತಳು, ಕಟೀಲಮ್ಮನಿಗೆ ಹರಕೆ ಹೊತ್ತಳು, ಮತ್ತೆ ಅತ್ತಳು. ಕಣ್ಣು ಒರೆಸಿಕೊಂಡು ರಸ್ತೆ ನೋಡು, ನಾವಿಬ್ಬರೂ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೋಗುವುದು ಬೇಡ ಎಂದೆ. ನಾನು ಆಡಿದ್ದು ಇಷ್ಟೇ. ಕಿಟಕಿಯಾಚೆ ಗೋದಾಮುಗಳು ಒಂದಾದ ಮೇಲೊಂದು ಹೋದವು. ನಮ್ಮ ದೀಪಗಳೂ ಇಂಥದೇ ಒಂದು ಗೋದಾಮಿನಿಂದ ಬಂದಿರಬೇಕು ಎಂದುಕೊಂಡೆ. ಹಂಸಿನಿಯ ಮೇಲೆ ಮರುಕ ಬರಬೇಕಿತ್ತು, ಬರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅದೂ ಸ್ವಲ್ಪವೇ.

ನಾವು ಹೋಗುವಷ್ಟರಲ್ಲಿ ಎಕ್ಸ್‌ರೇ ಆಗಿ, ಮಗುವನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದರು. ಹಂಸಿನಿ ಕಾಯುವ ಕೋಣೆಯಲ್ಲಿ ಮಗುವಿನ ಒಂದು ಶೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ಗಂಡ ಅದ್ವೈತ್ ಮ್ಯಾನ್‌ಹಟನ್‌ನಿಂದ ಹೊರಟು ದಾರಿಯಲ್ಲಿದ್ದ. ಎಷ್ಟು ಹೊತ್ತು ಕೂತೆವೋ. ಸುಂದರಿ ಕಾಫಿ ತಂದಳು, ಯಾರೂ ಕುಡಿಯಲಿಲ್ಲ.

ಕೊನೆಗೆ ಡಾಕ್ಟರ್ ಹೊರಗೆ ಬಂದಳು. ಬ್ಯಾಟರಿ ತೆಗೆದಿದ್ದೇವೆ, ಮಗು ಬದುಕಿದೆ ಎಂದಳು. ಮಿಕ್ಕಿದ್ದನ್ನು ನಿಧಾನವಾಗಿ ಹೇಳಿದಳು. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಒಳಗಿದ್ದಂತೆ ಕಾಣುತ್ತದೆ, ಅನ್ನನಾಳ ಆಳಕ್ಕೆ ಸುಟ್ಟಿದೆ. ಕೆಲವು ತಿಂಗಳು ಹೊಟ್ಟೆಗೆ ನೇರ ಕೊಳವೆಯಲ್ಲೇ ಆಹಾರ, ಆಮೇಲೆ ಇನ್ನೂ ಆಪರೇಷನ್ನುಗಳು. ಧ್ವನಿಪೆಟ್ಟಿಗೆಯ ನರಕ್ಕೂ ತಾಗಿರಬಹುದು, ದನಿ ಹೇಗೆ ಬರುತ್ತದೆ ಎಂದು ಈಗಲೇ ಹೇಳಲಾಗದು. ಬೇಗ ತಂದಿದ್ದರೆ ಎಂದು ಶುರು ಮಾಡಿ, ಹಂಸಿನಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಡಾಕ್ಟರ್ ಹೋದ ಮೇಲೆ ಹಂಸಿನಿ ಎದ್ದು ಬಂದು ಸುಂದರಿಯ ಎರಡೂ ಕೈ ಹಿಡಿದುಕೊಂಡಳು.

"ನೀವು ನೆನಪಿಟ್ಟುಕೊಂಡು ಫೋನ್ ಮಾಡದೇ ಇದ್ದಿದ್ರೆ ನಾನು ಇವತ್ತೂ ಹಲ್ಲು ಅಂತಾನೇ ಕೂತಿರ್ತಿದ್ದೆ ಆಂಟಿ. ನನ್ನ ಮಗು ಉಳಿದಿದ್ದು ನಿಮ್ಮಿಂದ."

ಸುಂದರಿ ಅವಳ ತಲೆ ಸವರಿದಳು. ಅಳುತ್ತಿದ್ದಳು, ಆದರೆ ಬಾಯಿ ಬಿಡಲಿಲ್ಲ. ನಾನು ನೋಡುತ್ತ ನಿಂತೆ. ಇವಳು ಈ ಕೃತಜ್ಞತೆಯನ್ನು ತೆಗೆದುಕೊಂಡು ಮನೆಗೆ ಹೋಗುತ್ತಾಳೆ ಎಂದು ಆಗ ನನಗೆ ಗೊತ್ತಾಯಿತು, ತಾನು ಬೇಯಿಸಿದ ಹದಿಮೂರು ದಿನದ ಅನ್ನದ ಋಣ ನನ್ನ ಬಾಯನ್ನೂ ಮುಚ್ಚಿಸುತ್ತದೆ ಎಂದು ನಂಬಿದ್ದಾಳೆ ಎಂದೂ ಗೊತ್ತಾಯಿತು. ಸಿಟ್ಟು ಬಂತು. ಇವರು ಹೋದ ಚಳಿಗಾಲದಿಂದೀಚೆಗೆ ನನಗೆ ನೆಟ್ಟಗೆ ಬಂದ ಭಾವನೆ ಅದೊಂದೇ.

"ಸುಂದರಿ, ನೀನು ಹೇಳ್ತೀಯೋ, ನಾನು ಹೇಳಲೋ?"

ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಹಂಸಿನಿ ಏನು ಆಂಟಿ ಎಂದಳು. ಸುಂದರಿ ನೆಲ ನೋಡುತ್ತ, ಮೆಲ್ಲಗೆ, ಒಂದೇ ಉಸಿರಿಗೆ ಹೇಳಿದಳು.

"ಭಾನು ನನಗೆ ದೀಪದ ವಿಷಯ ಶುಕ್ರವಾರವೇ ಹೇಳಿದ್ದಳು. ನಿನಗೆ ಕೊಟ್ಟದ್ದು ಅಂತ ನನಗೆ ಗೊತ್ತಿತ್ತು. ನಾಚಿಕೆ ಆಯಿತು, ಮನೆಯಲ್ಲೇ ಉಂಟು ಅಂತ ಹೇಳಿದೆ."

ಹಂಸಿನಿ ಬೈಯುತ್ತಾಳೆ, ಕಿರುಚುತ್ತಾಳೆ ಎಂದು ನಾನು ಕಾದೆ. ಅವಳು ಹಿಡಿದ ಕೈಯನ್ನೂ ಬಿಡಲಿಲ್ಲ. ಯಾವುದೋ ಲೆಕ್ಕ ಹಾಕುವವಳಂತೆ ಸುಂದರಿಯ ಮುಖವನ್ನೇ ನೋಡಿದಳು.

"ಶುಕ್ರವಾರ ಆನ್ಯಾ ಚೆನ್ನಾಗಿದ್ಲು ಆಂಟಿ," ಎಂದಳು. "ಶನಿವಾರಾನೂ ಚೆನ್ನಾಗಿದ್ಲು. ರಾತ್ರಿ ತಾನೇ ಕೈಯಲ್ಲಿ ಹಿಡಕೊಂಡು ಎರಡು ಇಡ್ಲಿ ತಿಂದ್ಲು."

ಒಳಗಿನಿಂದ ನರ್ಸ್ ಮಗುವಿನ ತಾಯಿ ಯಾರು ಎಂದು ಕರೆದಳು. ಹಂಸಿನಿ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದಳು.